ಯಂತ್ರದ ಗಡಿಯಾರ ಮತ್ತು ಯಂತ್ರದ ಮುದ್ರೆ: ಫರ್ಮ್‌ವೇರನ್ನು ಕುರಿತು ಒಂದು ವಿವೇಚನೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ಅಶೋಕನ ಶಾಸನಗಳ ಮೂಲಕ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಸುಪರಿಚಿತವಾದುದು. ಅದರ ನೆರೆಯ ಚಳ್ಳಕೆರೆ ತಾಲ್ಲೂಕು ಈಚಿನ ವರ್ಷಗಳಲ್ಲಿ ವಿಜ್ಞಾನ ಸಂಸ್ಥೆಗಳ ನೆಲೆಯಾಗಿ ಹೆಸರಾಗಿದೆ. ಒಂದು ಕಡೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಬಂಡೆಗಲ್ಲು, ಮತ್ತೊಂದು ಕಡೆ ಚಾಲಕನಿಲ್ಲದೆ ನೆಲಕ್ಕಿಳಿಯುವ ವಿಮಾನ. ಇವೆರಡಕ್ಕೂ ಸಮಾನವಾದ ಪ್ರಶ್ನೆಯೊಂದುಂಟು. ದೂರದಿಂದ ಬಂದ ಆಜ್ಞೆಯು ನಿಜವಾದುದೆಂದೂ ಅದು ಸಕಾಲದಲ್ಲಿ ಬಂದಿತೆಂದೂ ನಂಬುವುದು ಹೇಗೆ? ಯಂತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಭಾಗವನ್ನು, ಅಂದರೆ ಕಾಲಗಣಕಗಳನ್ನೂ ಭದ್ರತಾ ಚಿಪ್‌ಗಳನ್ನೂ ನಡೆಸುವ ತಳಮಟ್ಟದ ಕ್ರಮವಿಧಿಗಳನ್ನು, ಇತಿಹಾಸದ ಅಭ್ಯಾಸಿಗಳಿಗೆ ತಿಳಿಯುವಂತೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ ಬಿಡಿಭಾಗಗಳು ಯಂತ್ರಾಂಶ. ನಾವು ಬಳಸುವ ಕ್ರಮವಿಧಿಗಳು ತಂತ್ರಾಂಶ. ಇವೆರಡರ ನಡುವೆ, ಯಂತ್ರದ ಒಡಲಿನಲ್ಲೇ ಬರೆದಿರಿಸಿದ ಸಣ್ಣ ಕ್ರಮವಿಧಿಯೊಂದಿರುತ್ತದೆ. ಅದನ್ನೇ ಫರ್ಮ್‌ವೇರ್ ಎನ್ನುತ್ತಾರೆ. ವಿದ್ಯುತ್ತು ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಇದೇ. ಗಡಿಯಾರವನ್ನು ಓಡಿಸುವುದು, ಸ್ಮೃತಿಕೋಶವನ್ನು ಪರೀಕ್ಷಿಸುವುದು, ಮುಂದಿನ ಕ್ರಮವಿಧಿಗೆ ಅಧಿಕಾರವನ್ನು ಒಪ್ಪಿಸುವುದು, ಇವೆಲ್ಲ ಇದರ ಹೊಣೆ. ಅರಮನೆಯ ಬಾಗಿಲನ್ನು ಮುಂಜಾನೆ ತೆರೆಯುವ ಸೇವಕನನ್ನು ಇತಿಹಾಸಕಾರರು ನೆನೆಯುವುದು ಕಡಿಮೆ. ಆದರೆ ಆತನು ತೆರೆಯದಿದ್ದರೆ ಅಂದು ಆಸ್ಥಾನವೇ ಸೇರದು.

ಮೊದಲು ಕಾಲಗಣಕದ ವಿಷಯವನ್ನು ನೋಡೋಣ. ಸಾಮಾನ್ಯ ಗಡಿಯಾರದ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಚಿಪ್ಪಿನೊಳಗಿನ ಎಣಿಕೆಯ ಕೋಶವು ಕಂಪನಗಳನ್ನು ಎಣಿಸುತ್ತ ಹೋಗಿ, ಗೊತ್ತಾದ ಸಂಖ್ಯೆಯನ್ನು ಮುಟ್ಟಿದಾಗ ಪ್ರಧಾನ ಸಂಸ್ಕಾರಕವನ್ನು ಕರೆಯುತ್ತದೆ. ಬಟ್ಟಲು ಮುಳುಗಿದೊಡನೆ ಜಾಗಟೆ ಬಾರಿಸುತ್ತಿದ್ದ ಘಳಿಗೆಯವನ ಕೆಲಸವೂ ಇದೇ ಅಲ್ಲವೆ? ಇದರ ಜೊತೆಗೆ ‘ಕಾವಲುನಾಯಿ’ ಎಂಬ ಹೆಸರಿನ ಇನ್ನೊಂದು ಕಾಲಗಣಕವುಂಟು. ಮುಖ್ಯ ಕ್ರಮವಿಧಿಯು ತಾನು ಎಚ್ಚರವಾಗಿದ್ದೇನೆಂದು ಅದಕ್ಕೆ ಆಗಾಗ ತಿಳಿಸುತ್ತಿರಬೇಕು. ಗೊತ್ತಾದ ಅವಧಿಯೊಳಗೆ ಸುಳಿವು ಬಾರದಿದ್ದರೆ, ಕಾವಲುನಾಯಿಯು ಯಂತ್ರವನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಕಾಲದ ಈ ಸೂಕ್ಷ್ಮ ಗಣನೆ ಎಷ್ಟು ಅಗತ್ಯವೆಂಬುದಕ್ಕೆ ಚಳ್ಳಕೆರೆಯೇ ನಿದರ್ಶನ. ಅಲ್ಲಿಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರ ಮೇ 28ರಂದು ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ಪುನರ್ಬಳಕೆಯ ಉಡಾವಣಾ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನವು ತಾನೇ ದಾರಿಯನ್ನು ಕಂಡುಕೊಂಡು ಓಡುದಾರಿಗೆ ಇಳಿಯಿತು. 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ ಇಳಿಯುವಾಗಿನ ವೇಗ ಗಂಟೆಗೆ 320 ಕಿಲೋಮೀಟರನ್ನು ಮೀರಿತ್ತು. ಆ ವೇಗದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ವಾಹನವು ಸುಮಾರು ಒಂಬತ್ತು ಮೀಟರ್ ಮುಂದೆ ಸಾಗಿರುತ್ತದೆ. ಇಂಥಲ್ಲಿ ಸರಿಯಾದ ಉತ್ತರವು ತಡವಾಗಿ ಬಂದರೆ ಅದು ತಪ್ಪು ಉತ್ತರವೇ ಸರಿ.

ಎಣಿಕೆಯ ಕೋಶಕ್ಕೂ ಒಂದು ಮಿತಿಯುಂಟು. 32 ದ್ವಿಮಾನ ಸ್ಥಾನಗಳ ಕೋಶವು ಮಿಲಿಸೆಕೆಂಡುಗಳನ್ನು ಎಣಿಸುತ್ತಿದ್ದರೆ ಸುಮಾರು 49 ದಿನ 17 ಗಂಟೆಗಳಲ್ಲಿ ತುಂಬಿ ಮತ್ತೆ ಸೊನ್ನೆಯಿಂದ ತೊಡಗುತ್ತದೆ. ಶಾಸನಗಳನ್ನು ಓದಿದವರಿಗೆ ಈ ತೊಡಕು ಹೊಸತಲ್ಲ. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನಷ್ಟೇ ಹೇಳುವ ಶಾಸನವು ಯಾವ ಆವರ್ತಕ್ಕೆ ಸೇರಿದ್ದೆಂದು ನಾವು ತಡಕಾಡುವುದಿಲ್ಲವೆ? ಪ್ರಭವ ಸಂವತ್ಸರವು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವಂತೆ ಕೋಶದ ಸೊನ್ನೆಯೂ ಮರಳಿ ಬರುತ್ತದೆ. ಆವರ್ತ ಕಳೆದುದನ್ನು ಗಮನಿಸದ ಕ್ರಮವಿಧಿಯು ಹೊಸದನ್ನು ಹಳೆಯದೆಂದು ಬಗೆಯುತ್ತದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಇಂಥ ಕೋಶದಲ್ಲಿ, ಧನ-ಋಣ ಚಿಹ್ನೆಗೆ ಒಂದು ಸ್ಥಾನವನ್ನು ಬಿಟ್ಟು, ಎಣಿಸುವ ಹಳೆಯ ವ್ಯವಸ್ಥೆಗಳಿಗೆ 2038ರ ಜನವರಿ 19ರಂದು ಇದೇ ಗಂಡಾಂತರ ಕಾದಿದೆ.

ಇನ್ನು ಮುದ್ರೆಯ ವಿಷಯ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಯ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಪಾಠವು ನೇರವಾಗಿ ಚಕ್ರವರ್ತಿಯ ಮಾತಿನಿಂದ ತೊಡಗುವುದಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. ಕೊನೆಯಲ್ಲಿ ಚಪಡನೆಂಬ ಬರಹಗಾರನ ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ನೆಂಬ ಪದವನ್ನು ಮಾತ್ರ ಆತನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯಿಂದ ಆರ್ಯಪುತ್ರ, ಆರ್ಯಪುತ್ರನಿಂದ ಮಹಾಮಾತ್ರರು, ಅವರಿಂದ ಲಿಪಿಕಾರ: ಹೀಗೆ ಒಬ್ಬರ ಮಾತಿಗೆ ಮತ್ತೊಬ್ಬರು ಹೊಣೆಯಾಗುವ ಸರಪಳಿಯೊಂದು ಇಲ್ಲಿ ಗೋಚರಿಸುತ್ತದೆ.

ಯಂತ್ರದಲ್ಲಿಯೂ ಇಂಥದೇ ‘ನಂಬಿಕೆಯ ಸರಪಳಿ’ಯನ್ನು ಕಟ್ಟುತ್ತಾರೆ. ಚಿಪ್ಪಿನಲ್ಲಿ ಅಳಿಸಲಾಗದಂತೆ ಬರೆದ ಮೊದಲ ಕ್ರಮವಿಧಿಯು ಎರಡನೆಯದರ ಸಹಿಯನ್ನು ಪರೀಕ್ಷಿಸುತ್ತದೆ, ಎರಡನೆಯದು ಮೂರನೆಯದನ್ನು. ಒಂದೊಂದನ್ನೂ ಗಣಿತಕ್ರಮದಿಂದ ಒಂದು ಸಾರಸಂಖ್ಯೆಗೆ ಇಳಿಸಿ, ಭದ್ರತಾ ಚಿಪ್ಪಿನಲ್ಲಿ ದಾಖಲಿಸುವುದೂ ಉಂಟು. ಚಿಪ್ಪು ಹಳೆಯ ದಾಖಲೆಯೊಡನೆ ಹೊಸದನ್ನು ಜೋಡಿಸಿ ಮತ್ತೆ ಸಾರಸಂಖ್ಯೆಯನ್ನು ಪಡೆಯುವುದರಿಂದ, ಯಂತ್ರವು ನಡೆಯುತ್ತಿರುವಷ್ಟು ಕಾಲ ದಾಖಲೆಗೆ ಸೇರಿಸಬಹುದೇ ಹೊರತು ಅಳಿಸಲಾಗದು. ರಹಸ್ಯ ಕೀಲಿಯು ಚಿಪ್ಪನ್ನು ಬಿಟ್ಟು ಹೊರಗೆ ಬರುವುದಿಲ್ಲ. ಗುಪ್ತಪದವನ್ನು ಪದೇ ಪದೇ ತಪ್ಪಾಗಿ ಕೊಟ್ಟವರನ್ನು ಅದು ಕೆಲಕಾಲ ದೂರವಿಡುತ್ತದೆ. ಆ ‘ಕೆಲಕಾಲ’ವನ್ನು ಅಳೆಯಲು ಮತ್ತೆ ಕಾಲಗಣಕವೇ ಬೇಕು. ಈಗ ವ್ಯಾಪಕವಾಗಿರುವ ಸಾರಸಂಖ್ಯೆಯ ಉದ್ದ 256 ದ್ವಿಮಾನ ಸ್ಥಾನಗಳು. ಬ್ರಹ್ಮಗಿರಿಯ ಶಾಸನದಲ್ಲಿಯೂ 256 ಎಂಬ ಅಂಕಿ ಬರುತ್ತದೆ. ಅದು ಅಶೋಕನು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರ ಮತ. ಇದು ಕೇವಲ ಕಾಕತಾಳೀಯವೆಂದು ಹೇಳದೆಯೇ ತಿಳಿಯುವಂತಿದ್ದರೂ, ನೆನಪಿಟ್ಟುಕೊಳ್ಳಲು ಅನುಕೂಲವಾಗಿದೆ.

ಗಡಿಯಾರ ಮತ್ತು ಮುದ್ರೆ ಇವೆರಡೂ ಕೂಡುವ ಸ್ಥಳವು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ಹಳ್ಳಿಯ ನ್ಯಾಯಬೆಲೆ ಅಂಗಡಿಯಲ್ಲಿಯೂ ಇದೆ. ಆಧಾರ್ ದೃಢೀಕರಣದ ನಿಯಮದಂತೆ, ಬೆರಳಚ್ಚಿನೊಡನೆ ಅದನ್ನು ತೆಗೆದ ಕಾಲವನ್ನೂ ಕಳುಹಿಸಬೇಕು. ಉಪಕರಣವು ತನ್ನ ಕೀಲಿಯಿಂದ ಸಹಿ ಹಾಕಬೇಕು. ಕಾಲವು ಮಿತಿಗಿಂತ ಹಳೆಯದಾಗಿದ್ದರೆ ಅಥವಾ ಇನ್ನೂ ಬಾರದ ಕಾಲವಾಗಿ ಕಂಡರೆ ಕೋರಿಕೆಯು ತಿರಸ್ಕೃತವಾಗುತ್ತದೆ. ಕದ್ದಿಟ್ಟ ಬೆರಳಚ್ಚನ್ನು ಮತ್ತೊಮ್ಮೆ ಬಳಸದಂತೆ ತಡೆಯುವುದಕ್ಕೆ ಇದು ಅವಶ್ಯಕವಾದ ಏರ್ಪಾಡೇ. ಆದರೆ ಯಾವುದೇ ಉಪಕರಣದ ಗಡಿಯಾರಕ್ಕೆ ಆಧಾರವಾದ ಸಣ್ಣ ಬ್ಯಾಟರಿ ಬರಿದಾದರೆ, ಅದು ತನ್ನ ಆದಿ ದಿನಾಂಕಕ್ಕೆ ಮರಳಬಹುದು. ಆಗ ಬೆರಳು ನಿಜ, ಪಡಿತರ ಚೀಟಿ ನಿಜ, ಹಸಿವೂ ನಿಜ, ಸುಳ್ಳಾದುದು ಗಡಿಯಾರವೊಂದೇ. ಅಕ್ಕಿ ಸಿಗದೆ ಮರಳುವವರು ಮಾತ್ರ ಮನುಷ್ಯರು.

ಇದಕ್ಕೆ ಪರಿಹಾರವೂ ತಳಮಟ್ಟದಲ್ಲೇ ಇದೆ. ತಾನು ನಡುವೆ ನಿಂತುಹೋಗಿದ್ದೆನೆಂದು ತಿಳಿಸುವ ಒಂದು ಗುರುತನ್ನು ಹಲವು ಗಡಿಯಾರ ಚಿಪ್ಪುಗಳು ತಮ್ಮೊಳಗೆ ಉಳಿಸಿಕೊಳ್ಳುತ್ತವೆ. ಫರ್ಮ್‌ವೇರ್ ಬರೆಯುವವರು ಆ ಗುರುತನ್ನು ಓದಿ ‘ಗಡಿಯಾರ ಕೆಟ್ಟಿದೆ’ ಎಂದು ಹೇಳಿಸಬಹುದು. ಓದದೆ ಬಿಟ್ಟು, ಸುಳ್ಳು ದಿನಾಂಕವನ್ನೇ ನಿಜವೆಂಬಂತೆ ಮೇಲಕ್ಕೆ ಸಾಗಿಸಲೂಬಹುದು. ಮೊದಲನೆಯದರಲ್ಲಿ ದೋಷವು ಯಂತ್ರದ್ದೆಂದು ತಿಳಿಯುತ್ತದೆ. ಎರಡನೆಯದರಲ್ಲಿ ಎದುರಿಗೆ ನಿಂತವರ ಮೇಲೆ ಸಂದೇಹ ಬೀಳುತ್ತದೆ.

ಈ ವಿವೇಕವನ್ನು ನಮ್ಮ ಶಾಸ್ತ್ರವು ಕಷ್ಟಪಟ್ಟೇ ಕಲಿತಿದೆ. ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದಾಗ ರೈಸ್ ಅವರು ಅದನ್ನು ಒಪ್ಪಲಿಲ್ಲ. ಆ ಚರ್ಚೆ ಬಹುಕಾಲ ನಡೆಯಿತು. ತಿಥಿವಾರಗಳು ಹೊಂದದಿರುವುದು ಸಂಶಯಕ್ಕೆ ಕಾರಣವೇ ಹೊರತು ಅದೊಂದೇ ತೀರ್ಪಲ್ಲವೆಂಬುದನ್ನು ಇಂದು ಶಾಸನಾಭ್ಯಾಸಿಗಳು ಬಲ್ಲರು. ಲಿಪಿ, ಭಾಷೆ, ವಂಶಾವಳಿ ಎಲ್ಲವನ್ನೂ ತೂಗಿ ನೋಡಬೇಕಾಗುತ್ತದೆ.

ಸರಪಳಿಯ ಮೇಲಿನ ಕೊಂಡಿಯನ್ನು ಕೆಳಗಿನದು ಪರೀಕ್ಷಿಸುತ್ತದೆ; ಎಲ್ಲಕ್ಕಿಂತ ಕೆಳಗಿನದನ್ನು ಪರೀಕ್ಷಿಸುವವರು ಯಂತ್ರದೊಳಗೆ ಯಾರೂ ಇಲ್ಲ. ಅದನ್ನು ಬರೆಯುವ, ಓದುವ, ತಿದ್ದುವ ಮನುಷ್ಯರೇ ಅದಕ್ಕೆ ಹೊಣೆ. ಆದುದರಿಂದ ಯಂತ್ರವು ‘ಇಲ್ಲ’ ಎಂದಾಗ, ಅದು ಕಂಡು ಹೇಳಿದ್ದೋ ಕಾಣದೆ ಹೇಳಿದ್ದೋ ಎಂದು ಕೇಳುವ ಹಕ್ಕು ಅಂಗಡಿಯ ಮುಂದೆ ನಿಂತವರಿಗಿರಬೇಕು. ಆ ಪ್ರಶ್ನೆಗೆ ಉತ್ತರವನ್ನು ಫರ್ಮ್‌ವೇರಿನಲ್ಲಿ ಮೊದಲೇ ಬರೆದಿಟ್ಟಿರಬೇಕು.