ಹಳೆಯ ಮೋಟಾರ್ ಸೈಕಲ್ ಕೊಳ್ಳುವವರಿಗೆ

ತೊಗರಿ ಮಾರಿದ ಹಣ ಕೈಗೆ ಬಂದೊಡನೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ತರುಣರು ಹಳೆಯ ಮೋಟಾರ್ ಸೈಕಲ್ ಕೊಳ್ಳಲು ಹೊರಡುತ್ತಾರೆ. ರೈತ ಬಾಂಧವರೇ, ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡುವ ನೀವು ಗಾಡಿಯನ್ನೂ ಹಾಗೆಯೇ ಪರೀಕ್ಷಿಸಿರಿ.

ಎಂಜಿನ್ ತಣ್ಣಗಿರುವಾಗ ನೀವೇ ಚಾಲೂ ಮಾಡಿರಿ. ಮೊದಲೇ ಕಾಯಿಸಿಟ್ಟ ಎಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆಯೆಂದರ್ಥ. ದುರಸ್ತಿಗೆ ಬಹಳ ಹಣ ಬೇಕು. ಮುಂದಿನ ಗಾಲಿಯನ್ನು ಎತ್ತಿ ಅಲ್ಲಾಡಿಸಿರಿ. ಸಡಿಲವಿದ್ದರೆ ಬೇರಿಂಗ್ ಸವೆದಿರಬಹುದು. ಬ್ರೇಕು, ಟಯರುಗಳನ್ನು ತಪ್ಪದೆ ನೋಡಿರಿ. ಹೊಸಬರ ಪ್ರಾಣ ಅವುಗಳ ಮೇಲಿದೆ.

ಅನಂತರ ಕಾಗದಪತ್ರ. ಚಾಸಿ ನಂಬರು, ಎಂಜಿನ್ ನಂಬರು ಎರಡೂ ಆರ್.ಸಿ.ಯೊಡನೆ ತಾಳೆಯಾಗಬೇಕು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ತೀರುವಳಿ ಪತ್ರ ಕೇಳಿರಿ. ನೋಂದಣಿಯ ಅವಧಿ ೧೫ ವರ್ಷ. ಆಮೇಲೆ ನವೀಕರಿಸಿದ್ದಾರೆಯೇ ನೋಡಿರಿ. ೨೯ ಮತ್ತು ೩೦ನೆಯ ನಮೂನೆಗಳಿಗೆ ಮಾರುವವರ ಸಹಿ ಪಡೆದು, ೩೦ ದಿನಗಳೊಳಗೆ ಸಾರಿಗೆ ಕಚೇರಿಗೆ ಅರ್ಜಿ ಕೊಡಿರಿ. ವಿಮೆಯಲ್ಲಿಯೂ ಹೆಸರು ಬದಲಿಸಲು ೧೪ ದಿನಗಳೊಳಗೆ ಅರ್ಜಿ ಹಾಕಿರಿ.

ಮಾರುವವರೂ ಇದನ್ನು ಮರೆಯಬಾರದು. ಅಪಘಾತದ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಬಾಯಿಮಾತಿನ ವ್ಯವಹಾರ ಬೇಡ. ಹೆಸರು ಬದಲಾದ ಮೇಲೆಯೇ ಪೂರ್ಣ ಹಣ ಕೊಡಿರಿ.