ಸೇನಾ ತರಬೇತಿಗೆ ಹೊರಡಲಿರುವ ತರುಣರೂ ಸುಗ್ಗಿಯ ಕೆಲಸವೂ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಿಂದ ಬೆಳಗಾವಿಯ ಸೇನಾ ನೇಮಕಾತಿ ಕಚೇರಿಯ ಮೂಲಕ ಅಗ್ನಿವೀರರಾಗಿ ಆಯ್ಕೆಗೊಂಡ ತರುಣರು ತರಬೇತಿಯ ಕರೆ ಬರುವವರೆಗೆ ಊರಿನಲ್ಲಿಯೇ ಕಾದಿರಬೇಕಾಗುತ್ತದೆ. ಸಂಬಳವಾದರೋ ಸೇರಿದ ಮೇಲೆಯೇ. ಹೊರಡುವ ದಿನವನ್ನರಿಯದವನನ್ನು ಕೆಲಸಕ್ಕಿಟ್ಟುಕೊಳ್ಳಲು ಭೂಮಾಲಿಕರು ಹಿಂಜರಿಯುವುದುಂಟು. ವರ್ಷದ ಆಳಿನ ವಿಷಯದಲ್ಲಿ ಈ ಹಿಂಜರಿಕೆ ಸರಿಯೇ; ದಿನಗೂಲಿಗೆ ಸಲ್ಲದು.

ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಕೊಯ್ಲು, ಎರೆಹೊಲಗಳಲ್ಲಿ ಹತ್ತಿ ಬಿಡಿಸುವುದು, ಅದರ ಹಿಂದೆಯೇ ತೊಗರಿಯ ರಾಶಿ. ಕಾರ್ತೀಕದಿಂದ ಪುಷ್ಯದವರೆಗೆ ಆಳು ಸಿಕ್ಕದೆ ಒಡೆದ ಹತ್ತಿ ಗಿಡದಲ್ಲಿಯೇ ಮಣ್ಣುಪಾಲಾಗುವುದನ್ನು ಎಲ್ಲರೂ ಬಲ್ಲರು. ಓದುಬರಹ ಬಲ್ಲ ಈ ತರುಣರು ತೂಕಕ್ಕೂ ಚೀಲದ ಲೆಕ್ಕಕ್ಕೂ ಒದಗುವರು. 2022ರಲ್ಲಿ ಆರಂಭವಾದ ಈ ಯೋಜನೆಯ ಅವಧಿ 4 ವರ್ಷ. ಆರಂಭದ ನಿಯಮದಂತೆ ಆಮೇಲೆ ಸೇನೆಯಲ್ಲಿ ಉಳಿಯತಕ್ಕವರು ನೂರಕ್ಕೆ 25ರವರೆಗೆ ಮಾತ್ರ. ಮಿಕ್ಕವರಲ್ಲಿ ಅನೇಕರಿಗೆ ನಮ್ಮ ಹಳ್ಳಿಗಳೇ ಗತಿ.

ಇವರಿಗೆ ಮುಂಗಡ ಕೊಟ್ಟು ಕಟ್ಟಿಹಾಕತಕ್ಕದ್ದಲ್ಲ. ಕೂಲಿಯನ್ನು ಪ್ರತಿ ಸಂತೆಯ ದಿನ ಚುಕ್ತಾ ಮಾಡಿದಲ್ಲಿ, ರಾಶಿ ಅರ್ಧಕ್ಕಿದ್ದರೂ ಕರೆ ಬಂದೊಡನೆ ಬಾಕಿಯಿಲ್ಲದೆ ಹೊರಡಬಹುದು. ರಾಶಿ ಯಂತ್ರದ ಬಾಯಿಗೂ ಔಷಧ ಸಿಂಪಡಿಸುವುದಕ್ಕೂ ಇವರನ್ನು ಹಚ್ಚಬೇಡಿರಿ. ಒಂದು ಬೆರಳು ಹೋದರೆ ವೈದ್ಯಪರೀಕ್ಷೆಯಲ್ಲಿ ಪಡೆದ ಅರ್ಹತೆಯೇ ಹೋದೀತು.