ತಾತನ ಮಂಡಿನೋವಿಗೆ ಮೊಮ್ಮಗಳ ಲೆಕ್ಕದ ಪುಸ್ತಕ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಮನೆಗೆ ಹೋಗುವಂತಿರಲಿಲ್ಲ. ಅಂಥವನು ನನ್ನದೇ ಮಂಡಿನೋವಿನ ವಿಷಯದಲ್ಲಿ ಲೆಕ್ಕ ತಪ್ಪಿದೆ. ತಪ್ಪು ಹಿಡಿದವಳು ಏಳನೇ ತರಗತಿಯ ಮೊಮ್ಮಗಳು.

ಹೋದ ಸಂಕ್ರಾಂತಿ ಹೊತ್ತಿಗೆ ನೋವು ವಿಪರೀತವಾಯಿತು. ನಮ್ಮ ಉಮ್ಮತ್ತೂರಿನ ಭುಜಂಗೇಶ್ವರ ದೇವಸ್ಥಾನದವರೆಗೆ ನಡೆಯುವುದೂ ಕಷ್ಟ. ಸಂತೆಯಲ್ಲಿ ಒಂದು ಎಣ್ಣೆ ಕೊಂಡು ಹಚ್ಚಿದೆ. ಹದಿನೈದು ದಿನಕ್ಕೆ ಹಗುರಾಯಿತು. ಜಗಲಿಯಲ್ಲಿ ಕೂತು ಸಿಕ್ಕವರಿಗೆಲ್ಲ ಅದನ್ನೇ ಹೊಗಳಿದೆ. ವೃದ್ಧಾಪ್ಯ ವೇತನ ನಂಬಿ ಬದುಕುವ ನನ್ನ ಗೆಳೆಯ ನನ್ನ ಮಾತು ಕೇಳಿ ಮೂರು ಸೀಸೆ ಕೊಂಡ. ಅವನ ನೋವು ಇದ್ದಲ್ಲೇ ಇತ್ತು.

ಮೊಮ್ಮಗಳು ದಸರಾ ರಜೆಯಿಂದಲೂ ಪ್ರತಿ ರಾತ್ರಿ "ತಾತ, ಇವತ್ತು ನೋವು ಎಷ್ಟು?" ಎಂದು ಕೇಳಿ ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದಳು. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಅವಳು ಹಳೆಯ ಪುಟ ತೆಗೆದು ತೋರಿಸಿದಳು. "ದೀಪಾವಳಿಯಲ್ಲೂ ಎಂಟು ಇತ್ತು ತಾತ. ಎರಡು ವಾರಕ್ಕೆ ನಾಲ್ಕಾಯ್ತು. ಆಗ ಎಣ್ಣೆ ಎಲ್ಲಿತ್ತು?"

ನಾನು ಸುಮ್ಮನಾದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಕಾಡುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅದು ಎಷ್ಟೋ ಸಲ ಕೆರೆಯ ನೀರಿನಂತೆ ಏರುತ್ತದೆ, ಇಳಿಯುತ್ತದೆ. ನಾವು ಔಷಧಿ ಹುಡುಕಿಕೊಂಡು ಹೋಗುವುದು ಅದು ತೀರಾ ಏರಿದಾಗ. ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಔಷಧಿಗೆ! ಸಾಲ ತೀರಿಸಿದವರು ಯಾರೋ, ಖಾತೆಯಲ್ಲಿ ಜಮೆ ಆದದ್ದು ಇನ್ನಾರದೋ ಹೆಸರಿಗೆ.

ಮಕ್ಕಳೇ, ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ಅಂಥ ಯಂತ್ರವಿಲ್ಲ. ನೋವುಂಡವರನ್ನೇ ಕೇಳಬೇಕು. ಅದಕ್ಕೇ ಸೊನ್ನೆಯಿಂದ ಹತ್ತರ ಈ ಅಳತೆ. ಅಂಕಿ ಹೇಳಲಾರದ ಪುಟ್ಟ ಮಕ್ಕಳಿಗಾಗಿ 1980ರ ದಶಕದಲ್ಲಿ ಅಮೆರಿಕದ ಡೊನ್ನಾ ವಾಂಗ್ ಮತ್ತು ಕಾನೀ ಬೇಕರ್ ಎಂಬ ಇಬ್ಬರು ಆರು ಮುಖಗಳ ಚಿತ್ರ ರೂಪಿಸಿದರು. ಒಂದು ತುದಿಯಲ್ಲಿ ನಗುಮುಖ, ಇನ್ನೊಂದು ತುದಿಯಲ್ಲಿ ಅಳುಮುಖ. ಮಗು ತನ್ನ ನೋವಿಗೆ ಹೊಂದುವ ಮುಖವನ್ನು ಬೆರಳಿಟ್ಟು ತೋರಿಸುತ್ತದೆ.

ಬೆನ್ನುನೋವಿಗೆ 'ಆಸ್ವೆಸ್ಟ್ರಿ' ಎಂಬ ಪ್ರಶ್ನಾವಳಿಯಿದೆ. ಎಷ್ಟು ದೂರ ನಡೆಯಬಲ್ಲಿರಿ? ಎಷ್ಟು ಹೊತ್ತು ಕೂರಬಲ್ಲಿರಿ? ನಿದ್ದೆ ಬರುತ್ತದೆಯೇ? ಹೀಗೆ ಹತ್ತು ವಿಷಯ, ಒಂದೊಂದಕ್ಕೆ ಸೊನ್ನೆಯಿಂದ ಐದು ಅಂಕ. ಶಾಲೆಯ ಪರೀಕ್ಷೆಗೆ ತಿರುಗಾಮುರುಗಾ, ಇಲ್ಲಿ ಕಡಿಮೆ ಅಂಕ ಬಂದವರೇ ಜಾಣರು!

ಅಳೆದರಷ್ಟೇ ಸಾಲದು, ಹೋಲಿಸಬೇಕು. ಬೆಂಗಳೂರಿನ ಹತ್ತಿರದ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ದೀರ್ಘಕಾಲದ ಬೆನ್ನುನೋವಿನ 80 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ವಾರ ಅಲ್ಲೇ ಉಳಿಸಿಕೊಂಡು ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ವ್ಯಾಯಾಮ ಮಾಡಿಸಿದರು. ಮೊದಲೂ ಕೊನೆಗೂ ಆಸ್ವೆಸ್ಟ್ರಿ ಅಂಕ ತೆಗೆದಾಗ ಯೋಗದವರಿಗೆ ಹೆಚ್ಚು ಗುಣ ಕಂಡಿತ್ತು. ಈ ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಆದರೆ ಅದು ಒಂದೇ ವಾರದ ಲೆಕ್ಕ. ಜೊತೆಗೆ, ಯಾರು ಏನು ಮಾಡುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿತ್ತು. ನಂಬಿಕೆಯೂ ನೋವನ್ನು ಸ್ವಲ್ಪ ಇಳಿಸಬಲ್ಲದು.

ಆ ನಂಬಿಕೆಯ ಪಾಲನ್ನು ಬೇರೆ ಮಾಡುವುದು ಹೇಗೆ? ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದ 180 ಮಂದಿಯ ಮೇಲೆ ಒಂದು ಪರೀಕ್ಷೆ ನಡೆಯಿತು. ಅವರ ಒಪ್ಪಿಗೆ ಪಡೆದೇ, ಕೆಲವರಿಗೆ ಕೀಲಿನೊಳಗೆ ಕೊಳವೆ ಹಾಕಿ ತೊಳೆಯುವ, ಕೆರೆದು ಶುಚಿ ಮಾಡುವ ಶಸ್ತ್ರಚಿಕಿತ್ಸೆ ಮಾಡಿದರು. ಉಳಿದವರಿಗೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದರು. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡು ವರ್ಷ ನೋಡಿದರೂ, ನಿಜವಾದ ಚಿಕಿತ್ಸೆ ಪಡೆದವರ ನೋವು ಉಳಿದವರಿಗಿಂತ ಕಡಿಮೆಯಾಗಿರಲಿಲ್ಲ! 2002ರಲ್ಲಿ ಇದು ಪ್ರಕಟವಾದಾಗ ವೈದ್ಯರೇ ಬೆರಗಾದರು.

ಹಾಗೆಂದು ನೋವು ಸುಳ್ಳಲ್ಲ. ಎಣ್ಣೆ ಕೆಟ್ಟದ್ದೆಂದೂ ನಾನು ಹೇಳುತ್ತಿಲ್ಲ. ನನ್ನೊಬ್ಬನ ಹದಿನೈದು ದಿನದ ಅನುಭವ ನಂಬಿ ಇನ್ನೊಬ್ಬರು ದುಡ್ಡು ಸುರಿಯಬಾರದಿತ್ತು, ಅಷ್ಟೇ.

ಅಜ್ಜ ಅಜ್ಜಿಯರೇ, ನೀವೂ ಒಂದು ಪುಸ್ತಕ ಇಡಿ. ದಿನಾ ಒಂದೇ ಹೊತ್ತಿನಲ್ಲಿ ನೋವಿನ ಅಂಕಿ, ನಡೆದ ದೂರ, ನಿದ್ದೆ, ತೆಗೆದುಕೊಂಡ ಔಷಧಿ ಬರೆಯಿರಿ. ವೈದ್ಯರ ಬಳಿ ಹೋಗುವಾಗ ಅದನ್ನು ಒಯ್ಯಿರಿ. ಅವರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮಕ್ಕಳೇ, ಬರೆಯುವ ಕೆಲಸ ನಿಮ್ಮದು.

ಗೆಳೆಯನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಸೀಸೆಯ ದುಡ್ಡು ಕೊಡಹೋದರೆ ಅವನು ಬೇಡವೆಂದ. "ನಿನ್ನ ಮೊಮ್ಮಗಳನ್ನ ಕಳಿಸು, ನನಗೂ ಒಂದು ಪುಸ್ತಕ ಹಾಕಿಕೊಡಲಿ" ಎಂದ. ಈಗ ಅವಳ ಬಳಿ ಎರಡು ಖಾತೆಗಳಿವೆ.